ರಿಂಗಿನ ಸಂದು

ನಮ್ಮ ಸಾಲಿಗ್ರಾಮದ ಮನೆಯಲ್ಲಿ ತೀರ್ಥರೂಪರ ಕಾಲದ ಯೆಜ್ಡಿ ಮೋಟಾರುಸೈಕಲೊಂದಿದೆ. ಅದನ್ನು ನಿರ್ಮಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತಾದುದರಿಂದ ಬಿಡಿಭಾಗಗಳನ್ನು ಹುಡುಕಿಯೇ ತರಬೇಕು. ಕಡಲ ಗಾಳಿಯೂ ಎರಡು ಮಳೆಗಾಲಗಳೂ ಸೇರಿ ಅದರ ಸಿಲಿಂಡರಿಗೆ ತುಕ್ಕು ಹಿಡಿಸಿದ್ದವು. ಬೋರು ಮಾಡಿಸಿ, ಅರ್ಧ ಮಿಲಿಮೀಟರು ದೊಡ್ಡದಾದ ಪಿಸ್ಟನ್ನನ್ನು ತರಿಸಿದೆವು.

ಹೊಸ ರಿಂಗನ್ನು ತಂದೊಡನೆ ಪಿಸ್ಟನ್ನಿಗೆ ತೊಡಿಸಲಾಗದು. ಮೊದಲು ಅದೊಂದನ್ನೇ ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ಸಮನಾಗಿ ಒತ್ತಿ, ತುದಿಗಳೆರಡರ ನಡುವಣ ಸಂದನ್ನು ಫೀಲರ್ ಗೇಜಿನ ಅಲಗಿನಿಂದ ಅಳೆಯಬೇಕು. 65 ಮಿಲಿಮೀಟರು ಅಗಲದ ಸಿಲಿಂಡರಿಗೆ ಸುಮಾರು ಕಾಲು ಮಿಲಿಮೀಟರು ಸಾಕು. ಇದಕ್ಕೂ ತೀರ ಕಡಮೆಯಾದರೆ, ಕಾದ ರಿಂಗು ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿ ಬಿಗಿಯುವುವು. ನಮ್ಮದರಲ್ಲಿ ಅತಿ ತೆಳುವಾದ ಅಲಗೂ ತೂರಲಿಲ್ಲ. ಸಣ್ಣ ಅರದಿಂದ ತುಸುತುಸುವೇ ಉಜ್ಜಿ, ಮತ್ತೆ ಮತ್ತೆ ಅಳೆದು, ಒಂದು ಮಧ್ಯಾಹ್ನವನ್ನೇ ಕಳೆದೆವು.

“ಅಣ್ಣಾ, ಇಷ್ಟು ಅಳತೆ ಯಾಕೆ?” ಎಂದು ತಮ್ಮನಿಗೆ ಅವಸರ. ಆದರೆ ಹೆದ್ದಾರಿಯಲ್ಲಿ ದಿನವೂ ಕುಂದಾಪುರಕ್ಕೆ ಹೋಗಬೇಕಾದವನು ಅವನೇ. ಓಡುತ್ತಿರುವಾಗ ಪಿಸ್ಟನ್ನು ಬಿಗಿದರೆ ಹಿಂಚಕ್ರವೂ ನಿಂತೀತು; ಹಿಂದೆ ಲಾರಿಗಳು.

ಇನ್ನೊಂದು ಮಾತು. ಇದು ಟೂ-ಸ್ಟ್ರೋಕ್ ಇಂಜಿನು. ಸಿಲಿಂಡರಿನ ಗೋಡೆಯಲ್ಲೇ ಹೊಗೆಗೂ ಗಾಳಿಗೂ ಕಿಂಡಿಗಳಿವೆ. ರಿಂಗು ತಿರುಗಿ ತುದಿ ಕಿಂಡಿಗೆ ಸಿಕ್ಕಿದರೆ ಮುರಿಯುವುದೇ ಸರಿ. ಹಾಗಾಗದಂತೆ ಪಿಸ್ಟನ್ನಿನ ಕಚ್ಚುಗಳಲ್ಲಿ ಪುಟ್ಟ ಮೊಳೆಗಳನ್ನು ಕೂರಿಸಿರುತ್ತಾರೆ. ಸಂದು ಆ ಮೊಳೆಯನ್ನೇ ಅಪ್ಪಿ ನಿಲ್ಲಬೇಕು. ಎಣ್ಣೆ ಸವರಿ, ರಿಂಗುಗಳನ್ನು ಬೆರಳಿನಿಂದ ಅದುಮಿ ಹಿಡಿದು, ಸಿಲಿಂಡರನ್ನು ಮೆಲ್ಲನೆ ಇಳಿಸಿದೆವು. ಎಲ್ಲಿಯೂ ತಡೆಯಲಿಲ್ಲ. ತಡೆದಲ್ಲಿ ಬಡಿಯುವವನ ಕೈಗೆ ಸುತ್ತಿಗೆಯನ್ನೇ ಕೊಡಬಾರದು.

ಸದ್ಯಕ್ಕೆ ಕೋಟದವರೆಗೆ ಮಾತ್ರ, ಅದೂ ನಿಧಾನವಾಗಿ, ಹೋಗಿಬರಲು ತಮ್ಮನಿಗೆ ಅಪ್ಪಣೆಯಾಗಿದೆ.