ರಾಜಾನ ಪಯಣ

ಜೂನ್ ತಿಂಗಳು. ಜವಳಗೇರಾದ ಆ ಮನೆಗೆ ಸಿಹಿ ಸುದ್ದಿ ಬಂದಿತ್ತು. ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವ ಮನೆತನದಲ್ಲಿ ವಿಮಾನ ಹತ್ತುವವಳು ಅವಳೇ ಮೊದಲು. ಪೇಡೆ ಹಂಚಿ ಮುಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: ‘ಯಪ್ಪಾ, ರಾಜಾನ್ನೂ ಕರಕೊಂಡು ಹೋಗ್ಲೇನು?’

ರಾಜಾ ಎಂದರೆ ಕಾಲುವೆ ದಂಡೆಯಲ್ಲಿ ಸಿಕ್ಕ ನಾಯಿಮರಿ. ತಾಯಿ ತೀರಿಕೊಂಡ ವರ್ಷ ಹುಡುಗಿ ಯಾರೊಂದಿಗೂ ಮಾತಾಡದೆ ಇದ್ದಾಗ ಅವನೊಬ್ಬನ ಜತೆ ಮಾತಾಡಿದ್ದಳು. ಅಪ್ಪನಿಗೆ ಅದು ಗೊತ್ತು. ಅದಕ್ಕೇ ನಗಲಿಲ್ಲ. ‘ನಾಯಿಗೂ ಪಾಸ್‌ಪೋರ್ಟ್ ಬೇಕಾಗತೈತೇನವ್ವಾ?’ ಎಂದು ಕೇಳಿ, ಮರುದಿನ ಲಸಿಕೆಯ ಹಳೆಯ ಚೀಟಿಗಳನ್ನೆಲ್ಲ ಜೇಬಿಗಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋದರು.

ಚೀಟಿಗಳು ಕೆಲಸಕ್ಕೆ ಬರಲಿಲ್ಲ. ಐರೋಪ್ಯ ಒಕ್ಕೂಟದ ನಿಯಮದಂತೆ ಮೊದಲು ನಾಯಿಯ ಚರ್ಮದಡಿ ಭತ್ತದ ಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಇಡಬೇಕು, ಆಮೇಲೆ ರೇಬಿಸ್ ಲಸಿಕೆ. ಚಿಪ್ಪಿನ 15 ಅಂಕಿಗಳಿಲ್ಲದೆ ಲಸಿಕೆ ಬಿದ್ದದ್ದು ಇದೇ ನಾಯಿಗೆ ಎನ್ನಲು ಸಾಕ್ಷಿ ಏನು? ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೇ ಕಳಿಸಬೇಕು. ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ರೋಗನಿರೋಧಕ ಅಂಶ ಕಂಡರೆ ಸರಿ. ಅಷ್ಟಾದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಗೆ ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ. ಅದು ಕೈಗೆ ಬಂದ 10 ದಿನದೊಳಗೆ ಅಲ್ಲಿ ಕಾಲಿಡಬೇಕು.

ಅಪ್ಪ ಬೆರಳು ಮಡಚಿ ಎಣಿಸಿದರು. ಇಂದೇ ಶುರು ಮಾಡಿದರೂ ಅಕ್ಟೋಬರ್ ಕೊನೆ. ಕ್ಲಾಸು ಅಕ್ಟೋಬರ್ ಮೊದಲಿಗೇ. ‘ನೀ ಮುಂದ ಹೋಗು, ನಾ ಹಿಂದಿಂದ ಕಳಿಸ್ತೀನಿ’ ಎಂದರೆ ಅದಕ್ಕೂ ಅಡ್ಡಿ. ಒಡೆಯರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಾದರೆ ವ್ಯಾಪಾರದ ಸರಕಿಗಿರುವ ನಿಯಮಗಳೇ ಅದಕ್ಕೂ ಅನ್ವಯ!

ಕಠಿಣವೇ, ಆದರೆ ಕಾರಣವಿಲ್ಲದ್ದಲ್ಲ. ರೋಗದ ಲಕ್ಷಣ ತೋರಿದ ಮೇಲೆ ರೇಬಿಸ್‌ಗೆ ಮದ್ದಿಲ್ಲ. ನರಿಗಳಿಗೆ ಲಸಿಕೆ ತಿನ್ನಿಸಿ ಜರ್ಮನಿ ಅದನ್ನು ಹೊರಗಟ್ಟಿದ್ದು 2008ರಲ್ಲಿ. ನಮ್ಮ ಊರುಗಳಲ್ಲಿ ಹುಚ್ಚುನಾಯಿಯ ಭಯ ಇನ್ನೂ ಹೋಗಿಲ್ಲ.

ಮಗಳು ಬಿಡಲಿಲ್ಲ. 2022ರ ಮಾರ್ಚಿನಲ್ಲಿ ಉಕ್ರೇನಿನಿಂದ ಓಡಿಬಂದ ನಮ್ಮ ವಿದ್ಯಾರ್ಥಿಗಳು ನಾಯಿ, ಬೆಕ್ಕು ತಂದಾಗ ಕೇಂದ್ರ ಸರ್ಕಾರ ಒಂದು ಸಲಕ್ಕೆಂದು ನಿಯಮ ಸಡಿಲಿಸಿರಲಿಲ್ಲವೇ?

‘ಅದು ಯುದ್ಧ ಇತ್ತವ್ವಾ. ನೀ ಓದಾಕ ಹೊಂಟೀದಿ.’

‘ಹಂಗಾರ ನಾ ಏಪ್ರಿಲ್‌ಕ್ಕ ಸೇರ್ತೀನಿ.’

ಮಗಳು ಕೇಳಿದ್ದಕ್ಕೆ ಎಂದೂ ಇಲ್ಲವೆನ್ನದ ಅಪ್ಪ ಅಂದು ಇಲ್ಲ ಎಂದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಅವರೇ ರಾಜಾನನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋಗಿ ಚಿಪ್ ಇಡಿಸಿ, ಲಸಿಕೆ ಹಾಕಿಸಿ ತಂದರು.

ಸೆಪ್ಟೆಂಬರಿನಲ್ಲಿ ಅವಳು ಒಬ್ಬಳೇ ಹೊರಟಳು. ರಕ್ತದ ಪರೀಕ್ಷೆಯಲ್ಲಿ ರಾಜಾ ಪಾಸಾಗಿದ್ದಾನೆ. ಲಸಿಕೆಯ ಅವಧಿ ಮುಗಿಯುವ ಮೊದಲೇ ಮತ್ತೆ ಹಾಕಿಸುತ್ತ ಹೋದರೆ ಆ ಪರೀಕ್ಷೆ ಇನ್ನೊಮ್ಮೆ ಬೇಕಿಲ್ಲ. ಅವಳು ರಜೆಗೆ ಬಂದು ಮರಳುವಾಗ ಜತೆಗೇ ಹೋಗಬಹುದು. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಅಪ್ಪ ಲಸಿಕೆಯ ತಾರೀಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ರಾತ್ರಿ ಫೋನು ಬಂದರೆ ಮೊದಲು ರಾಜಾನ ಕಿವಿಗೆ ಹಿಡಿಯುತ್ತಾರೆ.