ನೋಮ್ ದಾರಿಯ ಟೋಗೊ

ಅಲಾಸ್ಕಾದ ಪಶ್ಚಿಮ ತೀರದಲ್ಲಿ, ಬೇರಿಂಗ್ ಸಮುದ್ರದ ಅಂಚಿಗೆ, ನೋಮ್ ಎಂಬ ಸಣ್ಣ ಪಟ್ಟಣವಿದೆ. ಹೊರಗಿನ ಊರುಗಳಿಂದ ಇಂದಿಗೂ ಅಲ್ಲಿಗೆ ರಸ್ತೆಯಿಲ್ಲ. ವಿಮಾನ ಹತ್ತಬೇಕು, ಇಲ್ಲವೇ ಬೇಸಿಗೆಯಲ್ಲಿ ಹಡಗು ಹಿಡಿಯಬೇಕು. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತದೆ. ಕಡಲತೀರದ ಮರಳಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ 1899-1900ರಲ್ಲಿ ಸಾವಿರಾರು ಜನ ಮುಗಿಬಿದ್ದು ಕಟ್ಟಿದ ಊರು ಅದು. ಚಿನ್ನದ ಭರಾಟೆ ಇಳಿಯಿತು, ಜನ ಚದುರಿದರು. 1925ರ ವೇಳೆಗೆ ಅಲ್ಲಿ ಉಳಿದವರು ಸುಮಾರು 1,400 ಮಂದಿ. ಚಳಿಗಾಲದ ತಿಂಗಳುಗಳಲ್ಲಿ ಅವರಿಗೂ ಹೊರಲೋಕಕ್ಕೂ ಇದ್ದ ನಂಟು ಎರಡೇ: ತಂತಿಸಂದೇಶ, ಮತ್ತು ನಾಯಿಗಳು ಎಳೆಯುವ ಜಾರುಬಂಡಿ.

ಎತ್ತಿನ ಬಂಡಿಯನ್ನು ಬಲ್ಲವರಿಗೆ ಈ ಬಂಡಿಯ ಕ್ರಮ ವಿಚಿತ್ರವಾಗಿ ಕಾಣುತ್ತದೆ. ಇದಕ್ಕೆ ನೊಗವಿಲ್ಲ, ಮೂಗುದಾರವಿಲ್ಲ, ಲಗಾಮಿಲ್ಲ. ನಡುವೆ ಒಂದು ಉದ್ದನೆಯ ಹಗ್ಗ. ಅದರ ಎರಡು ಬದಿಗೆ ಜೋಡಿ ಜೋಡಿಯಾಗಿ ಕಟ್ಟಿದ ನಾಯಿಗಳು. ಎಲ್ಲಕ್ಕಿಂತ ಮುಂದೆ ಮುಂದಾಳು ನಾಯಿ. ಬಂಡಿಯವನು ಹಿಂದೆ ನಿಂತು ‘ಜೀ’ ಎಂದರೆ ಅದು ಬಲಕ್ಕೆ ತಿರುಗುತ್ತದೆ, ‘ಹಾ’ ಎಂದರೆ ಎಡಕ್ಕೆ. ಅವನ ಕೈಯಲ್ಲಿರುವುದು ತನ್ನ ದನಿಯೊಂದೇ. ಏರು ಬಂದಾಗ ತಾನೇ ಇಳಿದು ಬಂಡಿಯನ್ನು ತಳ್ಳುತ್ತಾನೆ. ಬಿಡಾರ ಸೇರಿದ ಮೇಲೆ ಮೊದಲು ನಾಯಿಗಳಿಗೆ ಮೀನು ಬೇಯಿಸಿ ಹಾಕಿ, ಅಂಗಾಲಿನ ಬೆರಳುಗಳ ನಡುವೆ ಸಿಕ್ಕ ಮಂಜಿನ ಹರಳುಗಳನ್ನು ತೆಗೆದು, ಅನಂತರವೇ ತನ್ನ ಊಟ. ಕಾಲು ಕೆಟ್ಟ ನಾಯಿ ನಿಂತರೆ ನಡುದಾರಿಯಲ್ಲಿ ಅವನೂ ನಿಂತಂತೆಯೇ.

ನಾರ್ವೆಯಲ್ಲಿ 1877ರಲ್ಲಿ ಹುಟ್ಟಿದ ಲೆಯೊನಾರ್ಡ್ ಸೆಪ್ಪಾಲಾ ಚಿನ್ನವನ್ನು ಅರಸಿ ನೋಮ್‌ಗೆ ಬಂದವನು. ಆತ ಗಣಿ ಕಂಪನಿಯಲ್ಲಿ ಕೆಲಸ ಹಿಡಿದ. ನಾಯಿಬಂಡಿ ಓಡಿಸುವುದು ಅವನ ಜೀವನವೇ ಆಯಿತು. ಸೈಬೀರಿಯದಿಂದ ತಂದ ಸಣ್ಣ ದೇಹದ ನಾಯಿಗಳನ್ನು ಊರಿನವರು ‘ಸೈಬೀರಿಯದ ಇಲಿಗಳು’ ಎಂದು ಹಾಸ್ಯ ಮಾಡುತ್ತಿದ್ದರು. ಅಂಥ ನಾಯಿಗಳನ್ನೇ ಕಟ್ಟಿಕೊಂಡು ಆತ 1915, 1916, 1917ರಲ್ಲಿ, ಮೂರು ವರ್ಷ ಸತತವಾಗಿ, ನೋಮ್‌ನ 650 ಕಿ.ಮೀ.ಗೂ ಮಿಕ್ಕಿದ ಪಂದ್ಯವನ್ನು ಗೆದ್ದ.

ಟೋಗೊ ಎಂಬ ಮರಿ ಮೊದಲಿಗೆ ಆತನಿಗೂ ಬೇಡವಾಗಿತ್ತು. ಸಣ್ಣದು, ರೋಗಿಷ್ಠ, ಮೇಲಾಗಿ ತುಂಟ. ಅದನ್ನು ಯಾರಿಗೋ ಕೊಟ್ಟುಬಿಟ್ಟರೆ, ಕಿಟಕಿಯ ಗಾಜನ್ನು ಒಡೆದುಕೊಂಡು ಹಾರಿ ಹಲವು ಮೈಲಿ ಓಡಿ ಹಿಂತಿರುಗಿತು. ಎಂಟನೆಯ ತಿಂಗಳಲ್ಲಿ, ಬೇರೆ ದಾರಿಯಿಲ್ಲದೆ, ಹಗ್ಗಕ್ಕೆ ಕಟ್ಟಿದ ದಿನವೇ ಅದು 120 ಕಿ.ಮೀ. ಓಡಿ, ಸಂಜೆಯ ವೇಳೆಗೆ ಮುಂದಾಳಿನ ಜಾಗಕ್ಕೆ ಬಂದಿತ್ತು.

1925ರ ಜನವರಿಯಲ್ಲಿ ನೋಮ್‌ನ ಮಕ್ಕಳಿಗೆ ಗಂಟಲಮಾರಿ ತಗಲಿತು. ಊರಿಗಿದ್ದ ಒಬ್ಬನೇ ವೈದ್ಯ, ಕರ್ಟಿಸ್ ವೆಲ್ಚ್. ಅವನ ಬಳಿಯಿದ್ದ ಪ್ರತಿವಿಷದ ಔಷಧಿಯ ಅವಧಿ ಮುಗಿದಿತ್ತು. ಔಷಧಿ ಸಿಕ್ಕಿದ್ದು ಆಂಕರೇಜ್‌ನಲ್ಲಿ. ರೈಲು ಅದನ್ನು ನೆನಾನಾವರೆಗೆ ತಂದಿತು. ಅಲ್ಲಿಂದ ನೋಮ್‌ಗೆ 1,085 ಕಿ.ಮೀ.; ಅಂಚೆಯ ಬಂಡಿಗೆ ಸಾಮಾನ್ಯವಾಗಿ 25 ದಿನದ ದಾರಿ. ಇಪ್ಪತ್ತು ಮಂದಿ ಬಂಡಿಯವರು ಒಬ್ಬರಿಂದೊಬ್ಬರಿಗೆ ಕೈದಾಟಿಸುತ್ತ ಅದನ್ನು ಐದೂವರೆ ದಿನದೊಳಗೆ ಮುಟ್ಟಿಸಿದರು.

ಔಷಧಿಯನ್ನು ಎದುರುಗೊಳ್ಳಲು ನೋಮ್‌ನಿಂದ ಹೊರಟವನು ಸೆಪ್ಪಾಲಾ. ಅವನ ಎಂಟು ವರ್ಷದ ಒಬ್ಬಳೇ ಮಗಳು ಅದೇ ಊರಿನಲ್ಲಿದ್ದಳು. ಟೋಗೊಗೆ ಆಗ ಹನ್ನೆರಡು ವರ್ಷ, ನಾಯಿಯ ಲೆಕ್ಕದಲ್ಲಿ ಮುಪ್ಪು. ಸುಮಾರು 270 ಕಿ.ಮೀ. ನಡೆದ ಮೇಲೆ, ಶಕ್ಟೂಲಿಕ್ ಬಳಿ, ಹಿಮಸಾರಂಗದ ಬೆನ್ನುಬಿದ್ದು ಹಗ್ಗ ಸಿಕ್ಕುಹಾಕಿಕೊಂಡ ಇನ್ನೊಂದು ಬಂಡಿ ಎದುರಾಯಿತು. ಔಷಧಿ ಅಷ್ಟು ಹತ್ತಿರ ಬಂದಿರುವುದು ಸೆಪ್ಪಾಲಾನಿಗೆ ತಿಳಿಯದು, ನಿಲ್ಲದೆ ಹೋಗುವುದರಲ್ಲಿದ್ದ. ಆ ಬಂಡಿಯ ಹೆನ್ರಿ ಇವನಾಫ್ ಕೂಗಿ ನಿಲ್ಲಿಸಿ ಪೊಟ್ಟಣವನ್ನು ಒಪ್ಪಿಸಿದ.

ಹಿಂದಿರುಗಲು ದಾರಿ ಎರಡು. ತೀರವನ್ನು ಬಳಸಿದರೆ ಒಂದು ದಿನ ಹೆಚ್ಚು. ನೇರವಾಗಿ ಹೋದರೆ ಹೆಪ್ಪುಗಟ್ಟಿದ ನಾರ್ಟನ್ ಕೊಲ್ಲಿ. ಗಾಳಿ ತಿರುಗಿದರೆ ಮಂಜಿನ ಹಾಸು ಸೀಳಿ ಕಡಲಿಗೆ ತೇಲಿಹೋಗುತ್ತದೆ. ಹಿಂದೊಮ್ಮೆ ಹಾಗೆ ತೇಲಿ ಸಿಕ್ಕಿಬಿದ್ದಾಗ, ತುಂಡಾಗಿ ನೀರಿಗೆ ಬಿದ್ದ ಹಗ್ಗವನ್ನು ಟೋಗೊ ಬಾಯಲ್ಲಿ ಕಚ್ಚಿ ಮೈಗೆ ಸುತ್ತಿಕೊಂಡು, ತಾವಿದ್ದ ಮಂಜಿನ ತುಂಡನ್ನೇ ದಡದತ್ತ ಎಳೆಯಿತೆಂದು ಸೆಪ್ಪಾಲಾ ಹೇಳಿದ್ದಾನೆ. ಇದಕ್ಕೆ ಸಾಕ್ಷಿ ಅವನೊಬ್ಬನೇ. ಇನ್ನೊಂದು ಸಾಕ್ಷಿ ಮಾತನಾಡಲಾರದು. ಆದರೆ ಆ ಸಂಜೆ ಆತ ಕೊಲ್ಲಿಯ ದಾರಿಯನ್ನೇ ಹಿಡಿದನೆಂಬುದರಲ್ಲಿ ಸಂದೇಹವಿಲ್ಲ. ಕತ್ತಲೆ, ಶೂನ್ಯಕ್ಕಿಂತ 30 ಡಿಗ್ರಿಗೂ ಕೆಳಗಿನ ಚಳಿ, ಕಿವಿ ಮುಚ್ಚುವ ಗಾಳಿ. ಮಂಜು ಬಿರಿಯುವ ಸದ್ದು ಮನುಷ್ಯನಿಗೆ ಕೇಳಿಸದ ಅಂಥ ಹೊತ್ತಿನಲ್ಲಿ ದಾರಿ ಹುಡುಕುವ ಕೆಲಸವೆಲ್ಲ ಮುಂದಿನ ನಾಯಿಯದು. ಅಪ್ಪಣೆ ಕೊಡುವವನು ಸುಮ್ಮನಿರಬೇಕಾದ ಗಳಿಗೆಯನ್ನು ತಿಳಿಯುವುದೂ ಬಂಡಿಯವನ ವಿದ್ಯೆಯೇ. ಮರುದಿನ ಮಧ್ಯಾಹ್ನ ಗೊಲೊವಿನ್‌ನಲ್ಲಿ ಪೊಟ್ಟಣ ಕೈಬದಲಾಯಿಸಿತು. ಔಷಧಿ ಹೊತ್ತು ಅವನು ಬಂದ ದೂರ 146 ಕಿ.ಮೀ.; ಉಳಿದವರಲ್ಲಿ ಯಾರೂ ಅಷ್ಟು ದೂರ ಒಯ್ಯಲಿಲ್ಲ.

ಫೆಬ್ರವರಿ 2ರ ನಸುಕಿನಲ್ಲಿ ನೋಮ್ ಹೊಕ್ಕವನು ಗುನ್ನಾರ್ ಕಾಸನ್. ಅವನ ಮುಂದಾಳು ಬಾಲ್ಟೊ, ಅದೂ ಸೆಪ್ಪಾಲಾನ ನಾಯಿಯೇ. ಹಿಮಗಾಳಿಯಲ್ಲಿ ಬಂಡಿ ಮಗುಚಿ ಹಿಮದಲ್ಲಿ ಹೂತ ಔಷಧಿಯನ್ನು ಕಾಸನ್ ಬರಿಗೈಯಲ್ಲಿ ತಡಕಿ ತೆಗೆದಿದ್ದ. ಅದು ಸಣ್ಣ ಸಾಹಸವಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೊನ ಕಂಚಿನ ಪ್ರತಿಮೆ ನಿಂತಿತು. ಟೋಗೊನ ಹೆಸರು ಹಿಂದೆ ಬಿತ್ತೆಂಬ ನೋವು ಸೆಪ್ಪಾಲಾನನ್ನು ಕೊನೆಯವರೆಗೂ ಬಿಡಲಿಲ್ಲ. ಆ ನೋವು ನ್ಯಾಯವಾದದ್ದೇ. ಆದರೆ ಅದಕ್ಕಿಂತ ದೊಡ್ಡ ಮರೆವೊಂದಿದೆ. ಇಪ್ಪತ್ತು ಮಂದಿಯಲ್ಲಿ ಹಲವರು ಆ ನೆಲದ ಅಥಬಾಸ್ಕನ್ ಮತ್ತು ಇನ್ಯೂಪಿಯಾಟ್ ಮೂಲನಿವಾಸಿಗಳು. ನದಿಯ ತಿರುವುಗಳನ್ನೂ ಮಂಜಿನ ಮರ್ಮವನ್ನೂ ಅವರಷ್ಟು ಬಲ್ಲವರಿರಲಿಲ್ಲ. ಅಂದಿನ ಪತ್ರಿಕೆಗಳಲ್ಲಿ ಅವರಿಗೆ ದೊರೆತ ಜಾಗ ಅತ್ಯಲ್ಪ. ರೋಗದಲ್ಲಿ ಸತ್ತವರೆಂದು ಲೆಕ್ಕಕ್ಕೆ ಬಂದವರು ಕೆಲವೇ ಮಂದಿ; ಮೂಲನಿವಾಸಿಗಳ ಬಿಡಾರಗಳಲ್ಲಿ ಇನ್ನೂ ಹಲವು ಮಕ್ಕಳು ಸತ್ತಿರಬಹುದೆಂದು ವೈದ್ಯ ವೆಲ್ಚ್ ಶಂಕಿಸಿದ್ದ.

ಟೋಗೊ 1929ರಲ್ಲಿ ಸತ್ತಿತು. ಹದಗೊಳಿಸಿ ಇಟ್ಟ ಅದರ ದೇಹ ಅಲಾಸ್ಕಾದ ವಸಿಲ್ಲಾದಲ್ಲಿ, ನೋಮ್‌ವರೆಗೆ ಓಡುವ ಇಡಿಟರಾಡ್ ಪಂದ್ಯದ ಕಚೇರಿಯಲ್ಲಿದೆ. ಸೆಪ್ಪಾಲಾ 1967ರವರೆಗೆ ಬದುಕಿದ. ಅವನ ಚಿತಾಭಸ್ಮವನ್ನು ಅದೇ ಹಿಮದಾರಿಯಲ್ಲಿ ಚೆಲ್ಲಿದರು. ಆ ಇಪ್ಪತ್ತು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಉಳಿದವನು ಅಥಬಾಸ್ಕನ್ ಜನಾಂಗದ ಎಡ್ಗರ್ ನಾಲ್ನರ್. ಅವನು ತೀರಿಕೊಂಡದ್ದು 1999ರಲ್ಲಿ.