ಗರಸಿನ ದಾರಿಯ ಹಿಮ

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ನನ್ನ ತಮ್ಮನ ಮಗ ಅಮೆರಿಕದಿಂದ ಫೋನ್ ಮಾಡಿದ. ಅವನಿರುವುದು ಮಿನ್ನೆಸೋಟಾ ರಾಜ್ಯದಲ್ಲಿ, ಊರಾಚೆಯ ಒಂದು ಮನೆಯಲ್ಲಿ. ರಸ್ತೆಯಿಂದ ಮನೆಯವರೆಗೆ ಗರಸು ಹಾಕಿದ ದಾರಿ. ಆ ವರ್ಷದ ಮೊದಲ ಹಿಮ ಬಿದ್ದಿತ್ತು. ನೆರೆಯವರ ಸಣ್ಣ ಟ್ರ್ಯಾಕ್ಟರ್ ಕೇಳಿ ತಂದು, ಬ್ಲೇಡು ಇಳಿಸಿ ಹಿಮ ನೂಕಲು ಹೋದವನು ಹಿಮದ ಜೊತೆಗೆ ಅರ್ಧ ದಾರಿಯನ್ನೂ ಪಕ್ಕದ ಹುಲ್ಲಿನ ಮೇಲೆ ನೂಕಿಬಿಟ್ಟಿದ್ದ. "ದೊಡ್ಡಪ್ಪಾ, ಹಿಮದ ಕೂಡ ಗರಸೂ ಹೋತು. ಇರ್ಲಿ ಬಿಡ್ರಿ, ಇದೆಲ್ಲಾ ನಿಮಗ ತಿಳಿಯೂದಿಲ್ಲ" ಎಂದ.

ಅವನು ಹಾಗೆ ಅಂದದ್ದು ಸಹಜವೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವರ್ಗವಾದಲ್ಲೆಲ್ಲ ಹೋಗಿ ಹೆಚ್ಚುಕಡಿಮೆ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಿಮವೆಂದರೆ ಪುಸ್ತಕದೊಳಗಿನ ಒಂದು ಚಿತ್ರ ಮಾತ್ರ. ಆದರೂ ನನಗೆ ನಗು ಬಂತು. ಅವನು ಮಾಡಿದ ತಪ್ಪನ್ನೇ ನಾನು ಅವನಿಗಿಂತ ಎಷ್ಟೋ ವರ್ಷ ಮೊದಲು, ಅವನಪ್ಪನ ಹೊಲದಲ್ಲಿಯೇ ಮಾಡಿದ್ದೆ. ಆಗ ಅವನು ಹುಬ್ಬಳ್ಳಿಯಲ್ಲಿ ಓದುತ್ತಿದ್ದ.

ಅದು 2014ರ ಮಾರ್ಚ್ ತಿಂಗಳು. ನಮ್ಮ ಜಿಲ್ಲೆಗೆ ಆಗಿನ್ನೂ ಬಿಜಾಪುರವೆಂದೇ ಹೆಸರು. ಆ ಬೇಸಿಗೆ ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಸುರಿದ ಆಲಿಕಲ್ಲು ಮಳೆಯನ್ನು ದ್ರಾಕ್ಷಿ ಬೆಳೆದವರು ಇಂದಿಗೂ ಮರೆತಿಲ್ಲ. ಅಕ್ಟೋಬರಿನಲ್ಲಿ ಚಾಟಣಿ ಮಾಡಿದ ಬಳ್ಳಿಗಳ ಹಣ್ಣು ಮಾಗಿ ಕಟಾವಿಗೆ ಬಂದಿದ್ದ ಹೊತ್ತು. ಇಂಡಿ ತಾಲ್ಲೂಕಿನಲ್ಲಿರುವ ತಮ್ಮನ ದ್ರಾಕ್ಷಿ ಪಡಕ್ಕೆ ನಾನು ಒಂದು ರವಿವಾರ ಹೋಗಿದ್ದೆ. ಅಂದು ಕೊಯ್ದ ಹಣ್ಣು ನೂರಿಪ್ಪತ್ತು ಕ್ರೇಟುಗಳಲ್ಲಿ ಶೆಡ್ಡಿನಲ್ಲಿತ್ತು. ಉಳಿದದ್ದೆಲ್ಲ ಇನ್ನೂ ಬಳ್ಳಿಯ ಮೇಲೆಯೇ.

ಸಂಜೆ ನಾಲ್ಕರ ಸುಮಾರಿಗೆ ಪಡುವಣ ದಿಕ್ಕು ಕಪ್ಪಾಯಿತು. ಕಾದ ನೆಲದ ಗಾಳಿ ರಭಸದಿಂದ ಮೇಲೇರಿ, ಮೋಡದೊಳಗಿನ ನೀರ ಹನಿಗಳನ್ನು ಹೆಪ್ಪುಗಟ್ಟುವ ಎತ್ತರಕ್ಕೆ ಒಯ್ದು ಗಡ್ಡೆ ಕಟ್ಟಿಸುತ್ತದೆಂದು ನಾನು ಎಷ್ಟೋ ಸಲ ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೆ. ಆ ಚಿತ್ರದಲ್ಲಿ ಸದ್ದಿರಲಿಲ್ಲ. ಇಪ್ಪತ್ತು ನಿಮಿಷ ತಗಡಿನ ಮೇಲೆ ಕಲ್ಲು ಸುರಿದಂತಾಗಿ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ನಿಂತ ಮೇಲೆ ಹೊರಗೆ ಬಂದರೆ ಕರಿ ಹೊಲವೆಲ್ಲ ಬೆಳ್ಳಗಾಗಿತ್ತು. ಹರಿದ ಎಲೆಯ ಹಸಿ ವಾಸನೆ, ಒಡೆದ ಹಣ್ಣಿನ ಸಿಹಿ ವಾಸನೆ. ತಮ್ಮ ಪಡದ ಕಡೆ ನೋಡಲೇ ಇಲ್ಲ. "ಶೆಡ್ಡಿನಾಗ ಇದ್ದದ್ದರೆ ಉಳೀತಲ್ಲ ಅಣ್ಣಾ" ಎಂದಷ್ಟೇ ಅಂದ.

ಆದರೆ ಉಳಿದದ್ದನ್ನು ಸಾಗಿಸುವುದು ಹೇಗೆ? ವ್ಯಾಪಾರಿಯ ಟೆಂಪೋ ಮೇಲೆ ಡಾಂಬರು ರಸ್ತೆಯಲ್ಲಿ ನಿಂತಿತ್ತು. ಅಲ್ಲಿಂದ ಶೆಡ್ಡಿಗೆ ಅರವತ್ತು ಮೀಟರ್ ಇಳಿಜಾರು ದಾರಿ, ಎರಿ ಮಣ್ಣಿನ ಮೇಲೆ ಒಂದು ಗೇಣು ಗರಸು ಹಾಕಿ ಮಾಡಿದ್ದು. ಅದರ ಮೇಲೆ ಈಗ ಆಲಿಕಲ್ಲು. ಗೋಲಿ ಹರಡಿದ ನೆಲದ ಮೇಲೆ ಕಾಲಿಟ್ಟಂತೆ ಗಾಲಿ ಜಾರುತ್ತಿತ್ತು. ಕರಗುವ ತನಕ ಕಾಯೋಣವೆಂದರೆ ಅದು ಇನ್ನೂ ಕೆಟ್ಟದ್ದು. ಎರಿ ಮಣ್ಣಿನ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ. ಕರಗಿದ ನೀರು ಗರಸಿನ ಕೆಳಗೆ ಇಳಿದರೆ ಮೂರು ದಿನ ಯಾವ ಗಾಡಿಯೂ ಬರುವಂತಿಲ್ಲ. ಅಷ್ಟರಲ್ಲಿ ಕ್ರೇಟಿನ ಹಣ್ಣು ಕೆಡುತ್ತದೆ, ವ್ಯಾಪಾರಿ ಹೊರಟುಹೋಗುತ್ತಾನೆ. ಆದ್ದರಿಂದ ಕರಗುವ ಮೊದಲೇ ಅದನ್ನು ಹಳ್ಳದ ಕಡೆಗೆ ನೂಕಬೇಕಾಗಿತ್ತು.

ಬಳ್ಳಿಗಳ ಸಾಲಿನ ನಡುವೆ ಓಡಾಡಲೆಂದು ನಮ್ಮ ಕಡೆ ದ್ರಾಕ್ಷಿ ಬೆಳೆಯುವವರು ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡಿರುತ್ತಾರೆ. ತಮ್ಮನದಕ್ಕೆ ಹಿಂದುಗಡೆ ಐದು ಅಡಿಯ ಬ್ಲೇಡು ಇತ್ತು. ನಾನೇ ಏರಿ ಕುಳಿತೆ. ಹತ್ತುವ ಮೊದಲು ಲೆಕ್ಕವನ್ನೂ ಹಾಕಿದೆ. ಅರವತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲ, ಸರಾಸರಿ ಐದು ಸೆಂಟಿಮೀಟರ್ ದಪ್ಪ. ಒಟ್ಟು ಒಂಬತ್ತು ಘನ ಮೀಟರ್. ನಡುವಿನ ಸಂದುಗಳನ್ನು ಬಿಟ್ಟರೂ ಸುಮಾರು ಐದು ಟನ್ ಮಂಜುಗಡ್ಡೆ. ಆಗತಾನೆ ಬಿದ್ದ ಹಗುರ ಹಿಮವಾಗಿದ್ದರೆ ಇಷ್ಟೇ ಜಾಗದಲ್ಲಿ ಒಂದು ಟನ್ನೂ ಆಗುತ್ತಿರಲಿಲ್ಲ. ಭಾರ ಹೆಚ್ಚು, ಆದ್ದರಿಂದ ಬ್ಲೇಡನ್ನು ಪೂರ್ತಿ ನೆಲಕ್ಕೆ ಒತ್ತಬೇಕು. ನನ್ನ ತರ್ಕ ಇಷ್ಟೇ.

ಹತ್ತು ಮೀಟರ್ ಹೋಗುವುದರೊಳಗೆ ತರ್ಕ ಕೆಟ್ಟಿತು. ನೆನೆದು ಸಡಿಲಾಗಿದ್ದ ಗರಸು ಆಲಿಕಲ್ಲಿನ ಸಂಗಡ ಎದ್ದು ಬಂತು. ಹಿಂದಿರುಗಿ ನೋಡಿದರೆ ಕರಿ ಮಣ್ಣು ಬತ್ತಲಾಗಿತ್ತು. ಮತ್ತೆ ಹಿಂದಕ್ಕೆ ತೆಗೆದುಕೊಳ್ಳಲು ಹೋದಾಗ ಗಾಲಿ ಅದರಲ್ಲಿ ಹೂತಿತು. ತಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗ ಪಕ್ಕದ ಪಡದಿಂದ ಒಬ್ಬ ಹುಡುಗ ಓಡಿಬಂದ. ಇಪ್ಪತ್ತೆರಡರ ಪ್ರಾಯ, ಅಲ್ಲಿ ಟ್ರ್ಯಾಕ್ಟರ್ ಹೊಡೆಯುವವನು. ನನ್ನನ್ನು ಕಂಡವನೇ ಕೈಮುಗಿದು, "ಸರ್, ಬ್ಲೇಡು ನೆಲಕ್ಕ ಹಚ್ಚಬ್ಯಾಡ್ರಿ, ಇಳೀರಿ ನೀವು" ಎಂದ. ಗಾಲಿಯ ಕೆಳಗೆ ಒಣ ಕಟ್ಟಿಗೆ ಕೊಟ್ಟು ಗಾಡಿಯನ್ನು ಹೊರಗೆ ತೆಗೆದ. ಶೆಡ್ಡಿನ ಹಿಂದೆ ಬಿದ್ದಿದ್ದ ನೀರಿನ ಕರಿ ಪೈಪಿನ ಒಂದು ತುಂಡು ತಂದು, ಒಲೆಯಲ್ಲಿ ಕುಡಗೋಲು ಕಾಯಿಸಿ, ಅದರ ಒಂದು ಬದಿಯನ್ನು ಉದ್ದಕ್ಕೂ ಸೀಳಿದ. ಆ ಸೀಳನ್ನು ಬ್ಲೇಡಿನ ಅಂಚಿಗೆ ತೊಡಿಸಿ ತಂತಿಯಿಂದ ಬಿಗಿದ. ಬ್ಲೇಡನ್ನು ಹಳ್ಳದ ಕಡೆಗೆ ಓರೆಯಾಗಿ ತಿರುಗಿಸಿ, ಸಣ್ಣ ಗೇರಿನಲ್ಲಿ ನಿಧಾನವಾಗಿ ಹೊರಟ. ಟ್ರ್ಯಾಕ್ಟರಿನ ದೀಪದ ಬೆಳಕಿನಲ್ಲಿ ಆಲಿಕಲ್ಲು ಉರುಳಿ ಉರುಳಿ ಬದಿಗೆ ಸರಿಯಿತು. ಗರಸು ಇದ್ದಲ್ಲಿಯೇ ಇತ್ತು. ಕೊನೆಯ ಒಂದು ಬೆರಳಿನಷ್ಟನ್ನು ಅವನು ಹಾಗೆಯೇ ಬಿಟ್ಟ.

"ಇದನ್ನ ಎಲ್ಲಿ ಕಲ್ತಿ?" ಎಂದೆ.

"ನೀವ ಹೇಳಿದ್ರಲ್ರಿ ಸರ್, ಒಂಟಿ ಕಾಲು ಅಗಲ ಇರೂದಕ್ಕ ಉಸುಕಿನಾಗ ಹುಗಿಯೂದಿಲ್ಲ ಅಂತ" ಎಂದ.

ಆಗ ಗುರುತು ಹತ್ತಿತು. 2008ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನನ್ನದೇ ವಿಷಯದಲ್ಲಿ ನಪಾಸಾದ ಹುಡುಗ. ಫಲಿತಾಂಶದ ದಿನ ಅವನ ತಂದೆ ಶಾಲೆಗೆ ಬಂದು, ಮತ್ತೊಮ್ಮೆ ಕೂಡಿಸಲೇ ಎಂದು ಕೇಳಿದ್ದರು. "ಇವನ ತಲಿಗೆ ವಿಜ್ಞಾನ ಹತ್ತೂದಿಲ್ಲ, ಹೊಲಕ್ಕ ಹಚ್ಚಿಬಿಡ್ರಿ" ಎಂದು ನಾನು ಹೇಳಿದ್ದೆ. ಹುಡುಗ ಪಕ್ಕದಲ್ಲೇ ನಿಂತಿದ್ದ. ಬಿಡುವಿಲ್ಲದ ದಿನ, ಎದುರಿಗೆ ಮೂವತ್ತು ಮಂದಿ ಪಾಲಕರು. ಆ ಮಾತಿಗೆ ನಾನು ಅರ್ಧ ನಿಮಿಷವನ್ನೂ ವ್ಯಯಿಸಿರಲಿಲ್ಲ. ತಂದೆ ಅದನ್ನು ಪಾಲಿಸಿದ್ದರು.

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಬ್ಲೇಡಿನ ಅಂಚು ಅರ್ಧ ಸೆಂಟಿಮೀಟರ್ ದಪ್ಪವಿದ್ದು, ಪೈಪಿನ ಬೆನ್ನು ಮೂರು ಸೆಂಟಿಮೀಟರ್ ನೆಲಕ್ಕೆ ತಾಗಿದರೆ ಒತ್ತಡ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ದುಂಡನೆಯ ಅಂಚು ಕಲ್ಲನ್ನು ಕೆದಕದೆ ಅದರ ಮೇಲೆ ಹತ್ತಿ ಜಾರುತ್ತದೆ. ಈ ಸೂತ್ರವನ್ನು ಸಾವಿರ ಮಕ್ಕಳಿಂದ ಬಾಯಿಪಾಠ ಹೇಳಿಸಿದವನು ನಾನು. ಬೇಕಾದ ಹೊತ್ತಿಗೆ ನೆನಪಾದದ್ದು ಅವನಿಗೆ. ಒಂಟೆಯ ಕಾಲಿನ ಪ್ರಶ್ನೆಗೆ ಅವನು ಪರೀಕ್ಷೆಯಲ್ಲಿ ಏನು ಬರೆದಿದ್ದನೋ! ಬಹುಶಃ ಬರೆಯಲು ಬಂದಿರಲಿಲ್ಲ. ತಿಳಿದಿರಲಿಲ್ಲ ಎಂದು ನಾನು ತಿಳಿದೆ.

ರಾತ್ರಿ ಹನ್ನೊಂದಕ್ಕೆ ಟೆಂಪೋ ಇಳಿದು ಬಂತು. ಆ ನೂರಿಪ್ಪತ್ತು ಕ್ರೇಟಿನ ಹಣದಿಂದ ತಮ್ಮ ಕೂಲಿಯವರ ಬಾಕಿ ತೀರಿಸಿದ. ಆ ವರ್ಷದ ಆದಾಯ ಅಷ್ಟೇ. ಹುಡುಗ ಚಹಾ ಕುಡಿದನೇ ಹೊರತು ದುಡ್ಡು ಮುಟ್ಟಲಿಲ್ಲ. ಹೊರಡುವಾಗ ನಾನು, "ಈಗರೆ ಒಂದ ಸಲ ಪರೀಕ್ಷಾಕ್ಕ ಕೂಡು, ನಾ ಮನೀಗೆ ಕರದು ಕಲಸ್ತೀನಿ" ಎಂದೆ. ಅವನು ನಕ್ಕು, "ಈಗ್ಯಾಕ್ರಿ ಸರ್, ತಂಗಿ ಲಗ್ನದ ಸಾಲ ಅದ" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಇದನ್ನೆಲ್ಲ ತಮ್ಮನ ಮಗನಿಗೆ ಹೇಳಿದೆ. ವಾರ ಬಿಟ್ಟು ಅವನು ಮತ್ತೆ ಫೋನ್ ಮಾಡಿದ. ನೆರೆಯವರನ್ನು ಕೇಳಿದನಂತೆ. ಅಲ್ಲಿಯೂ ಗರಸಿನ ದಾರಿಯವರು ಬ್ಲೇಡಿನ ಅಂಚಿಗೆ ಸೀಳಿದ ಪೈಪು ತೊಡಿಸುತ್ತಾರೆ, ಇಲ್ಲವೆ ಬ್ಲೇಡಿನ ಕೆಳಗೆ ಚಪ್ಪಟೆ ಪಾದಗಳನ್ನು ಹಾಕಿ ಒಂದೆರಡು ಅಂಗುಲ ಎತ್ತರದಲ್ಲಿ ಓಡಿಸುತ್ತಾರೆ. ಮೊದಲ ಹಿಮದಲ್ಲಿ ತಳದ ಪದರವನ್ನು ಬಿಟ್ಟು ಗಾಡಿ ಓಡಾಡಿಸಿ ಗಟ್ಟಿ ಮಾಡುತ್ತಾರೆ. ನೆಲವೇ ಹೆಪ್ಪುಗಟ್ಟಿದ ಮೇಲೆ ಗರಸು ಸಿಮೆಂಟಿನಂತೆ ಬಿಗಿಯುತ್ತದೆ, ಆಮೇಲೆ ಭಯವಿಲ್ಲ. ಹಿಮವನ್ನೇ ಕಾಣದ ನಮ್ಮ ಹುಡುಗ ಒಂದು ಸಂಜೆಯಲ್ಲಿ ಅದೇ ಉಪಾಯಕ್ಕೆ ಬಂದು ಮುಟ್ಟಿದ್ದ.

ವಿದ್ಯಾರ್ಥಿಗಳೇ, ಸೂತ್ರವನ್ನು ಬರೆಯಲು ಕಲಿಯಿರಿ, ಅಂಕ ಬೇಕೇ ಬೇಕು. ಆದರೆ ಪುಸ್ತಕ ಮುಚ್ಚಿದ ಮೇಲೆ ಆ ಸೂತ್ರ ನಿಮ್ಮ ಹೊಲದಲ್ಲಿ, ಅಡುಗೆಮನೆಯಲ್ಲಿ ಎಲ್ಲಿ ಅಡಗಿದೆ ಎಂದು ಒಮ್ಮೆ ಹುಡುಕಿರಿ. ಪಾಲಕರೇ, ನಿಮ್ಮ ಮಗುವಿನ ತಲೆಗೆ ಇಂಥದು ಹತ್ತುವುದಿಲ್ಲವೆಂದು ನನ್ನಂಥ ಮಾಸ್ತರ ಹೇಳಿದರೆ, ಅದನ್ನು ಕೊನೆಯ ಮಾತೆಂದು ತಿಳಿಯಬೇಡಿ. ಮತ್ತೊಮ್ಮೆ ಕೂಡಿಸಿರಿ.

ತಮ್ಮ ಆ ದಾರಿಗೆ ಮರುವರ್ಷ ಹೊಸ ಗರಸು ಹಾಕಿಸಿದ. ಆದರೂ ನಾನು ಕೆರೆದ ಹತ್ತು ಮೀಟರ್ ಮಾತ್ರ ಇಂದಿಗೂ ತಗ್ಗಾಗಿಯೇ ಇದೆ. ಪ್ರತಿ ಮಳೆಗೂ ಅಲ್ಲಿ ನೀರು ನಿಲ್ಲುತ್ತದೆ. ಹೋದಾಗಲೆಲ್ಲ ಅದನ್ನು ಬಳಸಿಕೊಂಡು ನಡೆಯುತ್ತೇನೆ.